ಹನ್ನೆರಡು ಜೊತೆ ಪಾದ, ಒಂದೇ ಬೋಗುಣಿ

ಏಪ್ರಿಲ್ 17, ಗುರುವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಆ ಹೊತ್ತಿಗೆ ನಾನು ನನ್ನ ದಿನಚರಿಯಲ್ಲಿ ‘ಎಲ್ಲ ವ್ಯವಸ್ಥೆಯೂ ಪೂರ್ಣ. ತಪ್ಪಾಗಲು ಅವಕಾಶವೇ ಇಲ್ಲ’ ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದೆ. ಒಂದು ಗೆರೆ ಸಾಕಾಗಿತ್ತು.

ನಾನು ಕಡೂರಿನ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವನು. ದಿನಕ್ಕೆ ಎಷ್ಟು ಜನರಿಗೆ ಸೂಜಿ ಚುಚ್ಚಿದೆ, ಅವರಲ್ಲಿ ಎಷ್ಟು ಜನ ಕಿರುಚಿದರು, ಎಷ್ಟು ಜನ ಚುಚ್ಚುವ ಮೊದಲೇ ಕಿರುಚಿದರು ಎಂದು ಬರೆದಿಡುವುದು ನನ್ನ ಅಭ್ಯಾಸ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಸುನೀತ ಇದನ್ನು ‘ಶಿಸ್ತು’ ಎಂದು ಕರೆಯುತ್ತಿದ್ದಳು. ಈಗ ಬೇರೆ ಪದ ಬಳಸುತ್ತಾಳೆ.

ನಮ್ಮದು ಬಿಷಪ್ಪರ ಆಡಳಿತಕ್ಕೆ ಸೇರಿದ ಸಣ್ಣ ಸಭೆ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಊರಿಗೆ ಸೇರಿ ಒಬ್ಬರೇ ಪಾದ್ರಿಗಳು, ಒಂದೇ ಬೈಕು. ಪಾದ್ರಿಗಳನ್ನು ನಾವು ಅಯ್ಯನವರು ಎನ್ನುತ್ತೇವೆ. ದೊಡ್ಡ ದಿನಗಳಲ್ಲಿ ಅಯ್ಯನವರನ್ನು ಮೂರು ತುಂಡು ಮಾಡಲಾಗದ ಕಾರಣ ಮೂರೂ ಊರಿನವರು ಒಂದೇ ಕಡೆ ಸೇರುತ್ತೇವೆ. ಪವಿತ್ರ ಗುರುವಾರ ಕಡೂರಿನಲ್ಲಿ, ಶುಭ ಶುಕ್ರವಾರ ತರೀಕೆರೆಯಲ್ಲಿ, ಈಸ್ಟರ್ ಅಜ್ಜಂಪುರದಲ್ಲಿ.

ಆರಾಧನೆಯ ವರ್ಷದಲ್ಲಿ ಬರುವ ಒಂದೊಂದು ಕಾಲಕ್ಕೂ ಒಂದೊಂದು ಸಾಮಾಜಿಕ ಕಾಳಜಿ ಇಟ್ಟುಕೊಳ್ಳಬೇಕು ಎಂದು ಬಿಷಪ್ಪರಿಂದ ಸುತ್ತೋಲೆ ಬಂದಿತ್ತು. ಸುಗ್ಗಿ ಹಬ್ಬದಲ್ಲಿ ಬಂದ ಕುಂಬಳಕಾಯಿಗಳನ್ನೆಲ್ಲ ಒಂದು ವಿದ್ಯಾರ್ಥಿನಿಲಯಕ್ಕೆ ಕೊಟ್ಟೆವು. ಆಮೇಲೆ ಒಂದು ವಾರ ಅಲ್ಲಿಯ ಹುಡುಗರ ಕಣ್ಣಿಗೆ ಬೀಳದ ಹಾಗೆ ಓಡಾಡಿದೆವು. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದಲ್ಲಿ ಬೀರೂರು ರೈಲ್ವೆ ನಿಲ್ದಾಣದಲ್ಲಿ ಮಲಗುವವರಿಗೆ ಕಂಬಳಿ ಹಂಚಿದೆವು. ಈಸ್ಟರಿಗೆ ಮುಂಚಿನ ಉಪವಾಸದ ಕಾಲ ಬಂದಾಗ ಎರಡು ಕಾಳಜಿಗಳು ಒಟ್ಟಿಗೆ ಬಂದವು: ಆರೋಗ್ಯ, ಮತ್ತು ಆರಾಧನೆಯಲ್ಲಿ ಸ್ತ್ರೀಯರಿಗೆ ಸಮಾನ ಪಾಲು. ಯುವಕರ ಕೂಟದ ಕಾರ್ಯದರ್ಶಿಯಾದ ನಾನು ಎರಡನ್ನೂ ಒಂದೇ ಬೋಗುಣಿಯಲ್ಲಿ ಸಾಧಿಸಲು ಹೊರಟೆ.

ಬೋಗುಣಿಯ ವಿಷಯ ಹೇಳಬೇಕು. ಯೇಸುಸ್ವಾಮಿ ಶಿಲುಬೆಗೆ ಹೋಗುವ ಹಿಂದಿನ ದಿನ ತನ್ನ ಹನ್ನೆರಡು ಶಿಷ್ಯರ ಕಾಲು ತೊಳೆದನಲ್ಲ, ಅದರ ನೆನಪಿಗೆ ಪವಿತ್ರ ಗುರುವಾರ ಸಂಜೆ ಅಯ್ಯನವರು ಮಂಡಿಯೂರಿ ಸಭೆಯ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ನಮ್ಮಲ್ಲಿ ಆ ಹನ್ನೆರಡೂ ಯಾವಾಗಲೂ ಗಂಡಸರೇ. ನೀರು ಕಾಯಿಸುವುದು, ಟವೆಲು ಮಡಿಸಿಡುವುದು, ಎಲ್ಲ ಮುಗಿದ ಮೇಲೆ ನೆಲ ಒರೆಸುವುದು ಮಾತ್ರ ಮಾರ್ಥಮ್ಮಜ್ಜಿ. ಹಾಸ್ಟೆಲೊಂದರಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ಮೂವತ್ತು ವರ್ಷಕ್ಕೂ ಮೇಲಿನಿಂದ ಇದು ಅವರ ಸೇವೆ.

ಈ ಸಲ ಸಭೆಯ ಸಮಿತಿ ಕೂತಿದ್ದಾಗ ಅಜ್ಜಿ ಕಾಫಿ ತಂದಿಟ್ಟು ಹೋಗಲಿಲ್ಲ. ಬಾಗಿಲ ಬಳಿ ನಿಂತರು.

“ಅಯ್ಯನವರೇ, ನನಗೂ ಎರಡು ಕಾಲು ಅವೆ” ಎಂದರು.

ಸಮಿತಿಯ ಹಿರಿಯರು ಯೇಸುದಾಸಪ್ಪನವರು, ಕಂದಾಯ ಇಲಾಖೆಯಲ್ಲಿ ಸೇವೆ ಸಲ್ಲಿಸಿ ಬಂದವರು, ಕಾಫಿ ಲೋಟ ಕೆಳಗಿಟ್ಟರು. “ಹನ್ನೆರಡು ಶಿಷ್ಯರೂ ಗಂಡಸರು ಕಣಮ್ಮ. ದಾಖಲೆ ಸ್ಪಷ್ಟವಾಗಿದೆ. ಈಗ ಹೆಂಗಸರನ್ನ ಸೇರಿಸೋದು ಅಂದ್ರೆ ಪಹಣಿ ತಿದ್ದಿದ ಹಾಗೆ.”

“ಕಾಲಿಗೆ ಯಾವ ಪಹಣಿ ಸ್ವಾಮಿ? ನೀವು ತಪ್ಪದೆ ಕೂತಿದೀರಿ. ನಿಮ್ಮ ಹೆಸರಿಗೆ ಖಾತೆ ಆಗೈತಾ?”

ಅಯ್ಯನವರು ನಕ್ಕು, ಸುತ್ತೋಲೆ ಓದಿದರು. ಬಹಳ ಚರ್ಚೆಯಾಗಿ ಕೊನೆಗೆ ನಿರ್ಣಯವಾಯಿತು: ಈ ವರ್ಷ ಪ್ರಯೋಗಾರ್ಥವಾಗಿ ಒಬ್ಬ ಸ್ತ್ರೀ. ಆರಾಧನೆಯಲ್ಲಿ ಏನಾದರೂ ಅಸ್ತವ್ಯಸ್ತವಾದರೆ ಮುಂದಿನ ವರ್ಷದಿಂದ ಮತ್ತೆ ಹಿಂದಿನ ಪದ್ಧತಿ. “ಅಸ್ತವ್ಯಸ್ತ” ಎನ್ನುವ ಪದವನ್ನು ಯೇಸುದಾಸಪ್ಪನವರೇ ಸೇರಿಸಿದರು. ಆ ಪದಕ್ಕೆ ಅರ್ಥ ಒದಗಿಸುವ ಜವಾಬ್ದಾರಿ ನನ್ನ ಮೇಲೆ ಬೀಳುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಅಜ್ಜಿ ಹೊರಗೆ ನನ್ನ ಕೈ ಹಿಡಿದುಕೊಂಡರು. “ಲೇ ಪ್ರದೀಪ, ವ್ಯವಸ್ಥೆ ಎಲ್ಲ ನಿಂದೇ ಅಂತೆ. ಏನೂ ಎಡವಟ್ಟು ಆಗದಂಗೆ ನೋಡ್ಕೊಳೋ. ಇದೊಂದು ಸಲ ತಪ್ಪಿದ್ರೆ ನನ್ನ ಕಾಲದಲ್ಲಿ ಇನ್ನಾಗಲ್ಲ.”

“ಅಜ್ಜಿ, ನಾನು ಇರುವಾಗ ಎಡವಟ್ಟೇ?” ಎಂದೆ.

ಹಿಂದಿನ ವರ್ಷ ಹನ್ನೆರಡೂ ಜನಕ್ಕೆ ಒಂದೇ ಟವೆಲಿನಲ್ಲಿ ಒರೆಸಿ, ಐದು ಜನರಿಗೆ ಕಾಲ್ಬೆರಳ ಸಂದಿ ತುರಿಕೆ ಹತ್ತಿತ್ತು. ಬರೆದಿಟ್ಟವನು ನಾನೇ. ಆದ್ದರಿಂದ ಈ ಸಲ ವೈಜ್ಞಾನಿಕ ವ್ಯವಸ್ಥೆ. ಒಬ್ಬರಿಗೊಂದು ಟವೆಲು. ಒಬ್ಬೊಬ್ಬರಿಗೂ ಹೊಸ ನೀರು. ಪ್ರತಿ ಸಲದ ನೀರಿಗೂ ಸ್ವಲ್ಪ ಪೊಟ್ಯಾಸಿಯಂ ಪರ್ಮಾಂಗನೇಟ್. ಗಾಯ ತೊಳೆಯಲು, ಬಾವಿಗೆ ಹಾಕಲು ಬಳಸುವ ಆ ನೇರಳೆ ಹರಳು. ಹಿತಮಿತವಾಗಿ ಹಾಕಿದರೆ ನೀರು ತಿಳಿ ಗುಲಾಬಿಯಾಗಿ, ಕ್ರಿಮಿಗಳು ಸಾಯುತ್ತವೆ. ಲ್ಯಾಬಿನ ಪುಟ್ಟ ತಕ್ಕಡಿಯಲ್ಲಿ ತೂಗಿ, ಹನ್ನೆರಡು ಪೊಟ್ಟಣ ಕಟ್ಟಿದೆ.

ಸುನೀತ ನೋಡಿದಳು. “ರೀ, ಇದೇನಿದು ಜಾತ್ರೇಲಿ ಕುಂಕುಮ ಮಾರೋರ ಥರ?”

“ಒಬ್ಬರಿಗೊಂದು ಪೊಟ್ಟಣ. ಅಳತೆ ಮಾಡಿ ಕಟ್ಟಿದ್ದು.”

“ಒಂದು ಚಿಟಿಕೆ ಹಾಕಿ ಕಲಸಿದ್ರೆ ಆಗಲ್ವಾ?”

“ಚಿಟಿಕೆ ಅನ್ನೋದು ಅಳತೆಯಲ್ಲ ಸುನೀತ.”

ಇದಾದ ಮೇಲೆಯೇ ಆ ಎರಡು ಗೆರೆ ಎಳೆದದ್ದು.

ಸಂಜೆ ಆರೂವರೆಗೆ ಆರಾಧನೆ. ಐದಕ್ಕೇ ಹೋದರೆ ಅಜ್ಜಿ ಆಗಲೇ ಹಿಂಬದಿಯ ಕೋಣೆಯಲ್ಲಿ ಸ್ಟವ್ ಹಚ್ಚಿ ನೀರು ಕಾಯಿಸುತ್ತಿದ್ದರು. ಹೊಸ ಸೀರೆ, ಹೊಸ ಚಪ್ಪಲಿ.

“ಅಜ್ಜಿ, ಇವತ್ತು ನೀವು ಕೂತ್ಕೊಳ್ಳೋರು!”

“ಕೂತ್ಕೊಂಡ್ರೆ ನೀರು ತಾನಾಗೇ ಕಾಯ್ತದಾ?”

ಅಷ್ಟರಲ್ಲಿ ಯೇಸುದಾಸಪ್ಪನವರು ಬಂದು ತೊಟ್ಟಿಯಲ್ಲಿ ಇಣುಕಿದರು. ನಲ್ಲಿ ನೀರು ಬಂದು ಮೂರು ದಿನವಾಗಿತ್ತು. “ಏನಪ್ಪಾ ಸೆಕ್ರೆಟ್ರಿ, ಹನ್ನೆರಡು ಸಲ ನೀರು ಚೆಲ್ತೀಯಾ? ನಾಳೆ ಚರ್ಚ್ ತೊಳೆಯೋದು ಬೇಡ್ವಾ? ಒಂದೇ ಬೋಗುಣಿ, ಒಂದೇ ನೀರು. ಎಲ್ರೂ ಮನೇಲಿ ತೊಳ್ಕೊಂಡೇ ಬಂದಿರ್ತಾರೆ.”

ಅದು ನಿಜ. ಆ ದಿನ ಕೂರುವ ಹನ್ನೆರಡು ಜನರ ಕಾಲು ವರ್ಷದಲ್ಲೇ ಅತ್ಯಂತ ಶುಭ್ರವಾಗಿರುತ್ತದೆ. ಕಲ್ಲಿನಲ್ಲಿ ಹಿಮ್ಮಡಿ ಉಜ್ಜಿ, ಉಗುರು ಕತ್ತರಿಸಿ, ಒಬ್ಬರಂತೂ ಪೌಡರ್ ಹಾಕಿಕೊಂಡು ಬಂದಿದ್ದರು. ನಾನು ಒಪ್ಪಿ, ನನ್ನ ಯೋಜನೆಯಲ್ಲಿ ‘ನೀರು: ಹನ್ನೆರಡು ಸಲ’ ಎಂದಿದ್ದುದನ್ನು ಹೊಡೆದು ‘ಒಂದು ಸಲ’ ಎಂದು ತಿದ್ದಿದೆ. ಕೆಳಗಿನ ಸಾಲಿನಲ್ಲಿ ‘ಪೊಟ್ಟಣ: ಒಬ್ಬರಿಗೊಂದು’ ಎಂದಿತ್ತು. ಅದು ಸರಿಯಾಗಿಯೇ ಇದೆ ಎನ್ನಿಸಿತು.

ಕುರ್ಚಿಗಳ ಕ್ರಮವನ್ನೂ ಯೇಸುದಾಸಪ್ಪನವರೇ ಗೊತ್ತು ಮಾಡಿದರು. ಮೊದಲನೆಯದು ಅವರದು, ಶಿಷ್ಯರಲ್ಲಿ ಮುಖ್ಯನಾದ ಪೇತ್ರನ ಸ್ಥಾನ. ಮಾರ್ಥಮ್ಮಜ್ಜಿಗೆ ಹನ್ನೆರಡನೆಯದು.

“ಹನ್ನೆರಡನೇದು ಗುರುವಿಗೆ ದ್ರೋಹ ಮಾಡಿದ ಯೂದನ ಜಾಗ ಅಲ್ವೇನ್ರೀ?” ಎಂದು ಹಿಂದಿನ ಬೆಂಚಿನಲ್ಲಿ ಯಾರೋ ಪಿಸುಗುಟ್ಟಿದರು.

ಅಜ್ಜಿಗೆ ಕೇಳಿಸಿತು. “ಜಾಗ ಯಾರದಾದ್ರೇನು, ಕಾಲು ನಂದು ತಾನೆ” ಎಂದು ಕೂತರು.

ಆ ಸಂಜೆ ವಿದ್ಯುದ್ದೀಪ ಆರಿಸಿ ಮೇಣದಬತ್ತಿ ಹಚ್ಚುವುದು ನಮ್ಮ ರೂಢಿ. ಅಯ್ಯನವರು ನಿಲುವಂಗಿಯ ತೋಳು ಮಡಿಸಿ, ಸೊಂಟಕ್ಕೆ ಟವೆಲು ಕಟ್ಟಿ ಯೇಸುದಾಸಪ್ಪನವರ ಮುಂದೆ ಮಂಡಿಯೂರಿದರು. ನಾನು ಬೋಗುಣಿಯ ಪಕ್ಕ ಕೂತು ಮೊದಲ ಪೊಟ್ಟಣ ಬಿಡಿಸಿದೆ. ನೀರು ತಿಳಿ ಗುಲಾಬಿಯಾಯಿತು. ಮನಸ್ಸು ತುಂಬಿ ಬಂತು. ಎರಡನೆಯವರಿಗೆ ಎರಡನೆಯ ಪೊಟ್ಟಣ. ಮೂರನೆಯವರಿಗೆ ಮೂರನೆಯದು. ಗಾಯನ ತಂಡ ನಿಧಾನವಾಗಿ ಹಾಡುತ್ತಿತ್ತು. ಐದನೆಯವರ ಹೊತ್ತಿಗೆ ನೀರಿಗೆ ಹಬ್ಬದ ಕಳೆ ಬಂದಿತ್ತು.

“ಪ್ರದೀಪ್” ಎಂದರು ಅಯ್ಯನವರು ತಗ್ಗಿದ ಸ್ವರದಲ್ಲಿ, “ನೀರು ಏನೋ ಒಂಥರಾ ಇದೆಯಲ್ಲ?”

“ಆರೋಗ್ಯ, ಅಯ್ಯನವರೇ.”

“ಓಹೋ.”

ಒಂಬತ್ತನೆಯವರ ಕಾಲು ತೊಳೆಯುವಾಗ ಮತ್ತೆ ಕತ್ತು ತಿರುಗಿಸಿದರು. “ಆರೋಗ್ಯ ಜಾಸ್ತಿ ಆಗ್ತಿದೆ ಅನ್ಸುತ್ತೆ ಕಣಪ್ಪಾ.”

“ಇನ್ನು ಮೂರೇ ಪೊಟ್ಟಣ” ಎಂದು ಧೈರ್ಯ ಹೇಳಿದೆ!

ಕೊನೆಯ ಕುರ್ಚಿಗೆ ಬಂದಾಗ ಬೋಗುಣಿಯಲ್ಲಿದ್ದದ್ದು ಬೀಟ್‌ರೂಟ್ ಬೇಯಿಸಿದ ನೀರು. ನಾನು ಶ್ರದ್ಧೆಯಿಂದ ಹನ್ನೆರಡನೆಯ ಪೊಟ್ಟಣವನ್ನೂ ಸುರಿದೆ. ಅಯ್ಯನವರು ಪಾದ ಮುಟ್ಟುತ್ತಲೇ ಅಜ್ಜಿ ಗಕ್ಕನೆ ಹಿಂದಕ್ಕೆಳೆದುಕೊಂಡರು. ಅಯ್ಯನವರು ಕಾದರು. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿ ತಾವೇ ಒಂದೊಂದಾಗಿ ಎರಡೂ ಕಾಲನ್ನು ನೀರಿಗಿಟ್ಟು, ಸೆರಗಿನಿಂದ ಮುಖ ಮುಚ್ಚಿಕೊಂಡರು. ಅಯ್ಯನವರಿಗೆ ಏನನ್ನಿಸಿತೋ, ಉಳಿದವರಿಗಿಂತ ಎರಡರಷ್ಟು ಹೊತ್ತು ತೊಳೆದರು.

ಆ ಎರಡರಷ್ಟು ಹೊತ್ತು ರಸಾಯನಶಾಸ್ತ್ರದ ದೃಷ್ಟಿಯಿಂದ ಒಳ್ಳೆಯದಾಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅಯ್ಯನವರ ಫೋನು.

“ಪ್ರದೀಪ್, ಕೈ ನೋಡ್ದೆಯಾ?”

“ಯಾರ ಕೈ ಅಯ್ಯನವರೇ?”

“ನಂದು ನಿನಗೆ ಹೆಂಗೆ ಕಾಣುತ್ತೆ? ನಿಂದು ನೋಡು.”

ನೋಡಿದೆ. ಪೊಟ್ಟಣ ಬಿಡಿಸಿದ ಬೆರಳುಗಳು ಬೆಲ್ಲದ ಬಣ್ಣಕ್ಕೆ ತಿರುಗಿದ್ದವು. ನೇರಳೆಯಾಗಿ ಹತ್ತಿಕೊಂಡದ್ದು ಚರ್ಮದ ಮೇಲೆ ಕಂದಾಗಿ ಕೂರುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಕೂಡ ಬಂದಿತ್ತು.

“ಗಾಬರಿ ಬೇಡ. ವಾರ, ಹತ್ತು ದಿನದಲ್ಲಿ ತಾನಾಗೇ ಹೋಗುತ್ತೆ.”

“ನಾಡಿದ್ದು ಈಸ್ಟರ್ ಕಣಪ್ಪಾ. ಈ ಕೈಯಲ್ಲಿ ಪ್ರಭುಭೋಜನದ ರೊಟ್ಟಿ ಕೊಟ್ರೆ ಜನ ತಗೊಳ್ತಾರಾ?”

ತರೀಕೆರೆಯ ಚರ್ಚಿನಲ್ಲಿಯೂ ಚಪ್ಪಲಿ ಬಾಗಿಲ ಹೊರಗೇ ಬಿಡಬೇಕು. ಆ ದಿನ ಹನ್ನೆರಡು ಜನ ಬಾಗಿಲಲ್ಲಿ ಒಂದು ಕ್ಷಣ ನಿಂತು ಯೋಚಿಸಿ ಒಳಗೆ ಬಂದರು. ಯೇಸುದಾಸಪ್ಪನವರ ಕಾಲು ಹೆಚ್ಚುಕಡಿಮೆ ಅವರ ಸ್ವಂತ ಬಣ್ಣದಲ್ಲೇ ಇತ್ತು. ನಾಲ್ಕನೆಯವರದು ಹಾಲು ಜಾಸ್ತಿಯಾದ ಚಹಾ. ಎಂಟನೆಯವರದು ಡಿಕಾಕ್ಷನ್. ಕಾಲು ನೋಡಿದರೆ ಕುರ್ಚಿಯ ಸಂಖ್ಯೆ ಹೇಳಬಹುದಿತ್ತು! ಕೊನೆಗೆ ಮಾರ್ಥಮ್ಮಜ್ಜಿ ಬಂದರು. ಕಣಕಾಲಿನವರೆಗೆ ಹೊಸದಾಗಿ ಪಾಲಿಶ್ ಮಾಡಿದ ಬೀಟೆ ಮರ.

ಶುಭ ಶುಕ್ರವಾರ ನಮಗೆ ದುಃಖದ ದಿನ. ಯಾರೂ ನಗುವುದಿಲ್ಲ. ಅಯ್ಯನವರು ಗಂಭೀರವಾಗಿ ಪ್ರಸಂಗ ಮಾಡುತ್ತ ಮಾಡುತ್ತ, ರೋಮಿನ ಅಧಿಪತಿ ಪಿಲಾತನು ಜನರೆದುರು ಕೈ ತೊಳೆದುಕೊಂಡ ಭಾಗಕ್ಕೆ ಬಂದರು. ಅಭ್ಯಾಸದಂತೆ ಎರಡೂ ಕೈಯನ್ನು ಎತ್ತಿ ತೋರಿಸಿಯೂ ಬಿಟ್ಟರು.

ಮೊಣಕೈವರೆಗೆ ಕಂದು.

ಗಾಯನ ತಂಡದಲ್ಲಿ ಯಾರೋ ಹಾಡಿನ ಪುಸ್ತಕದೊಳಗೆ ಮುಖ ಹುದುಗಿಸಿದರು. ಆಮೇಲೆ ಒಂದು ಇಡೀ ಬೆಂಚು ಅಲುಗಾಡಿತು. ಸುನೀತ ಪ್ರಾರ್ಥನೆ ಮಾಡುವವಳಂತೆ ತಲೆ ಬಗ್ಗಿಸಿದಳು. ಅವಳ ಭುಜ ಮಾತ್ರ ಪ್ರಾರ್ಥಿಸುತ್ತಿರಲಿಲ್ಲ.

ಆರಾಧನೆ ಮುಗಿಯುತ್ತಲೇ ಸಮಿತಿ ಚರ್ಚಿನ ಪಕ್ಕದ ಕೋಣೆಯಲ್ಲಿ ಸೇರಿತು. ಯೇಸುದಾಸಪ್ಪನವರು ನಿಂತೇ ಮಾತಾಡಿದರು. “ಶುಭ ಶುಕ್ರವಾರ ಸಭೆ ನಕ್ಕಿದ್ದು ನನ್ನ ಜೀವಮಾನದಲ್ಲಿ ಇದೇ ಮೊದಲು. ಅಸ್ತವ್ಯಸ್ತ ಆಯ್ತೋ ಇಲ್ವೋ?”

“ತಪ್ಪು ನಂದು ಸಾರ್” ಎಂದೆ. “ಮಾರ್ಥಮ್ಮಜ್ಜಿ ಕೂತಿದ್ದಕ್ಕೂ ಬಣ್ಣಕ್ಕೂ ಸಂಬಂಧ ಇಲ್ಲ.”

“ಸಂಬಂಧ ನಾನು ಕೇಳಿಲ್ಲಪ್ಪಾ. ಹೆಂಗಸರು ಕೂತ ವರ್ಷ ಆಯ್ತು. ಕೂರದ ವರ್ಷ ಆಗಿರ್ಲಿಲ್ಲ. ನಿರ್ಣಯ ಏನಿದೆಯೋ ಹಂಗೆ ನಡೀಲಿ.”

ಅಯ್ಯನವರು ಕೈಯನ್ನು ನಿಲುವಂಗಿಯೊಳಗೆ ಮುಚ್ಚಿಕೊಂಡು, “ಈಸ್ಟರ್ ದಿನ ಅಜ್ಜಂಪುರದಲ್ಲಿ ತೀರ್ಮಾನ ಮಾಡೋಣ” ಎಂದರು. ನನಗೆ ಸಿಕ್ಕಿದ್ದು ಒಂದು ಶನಿವಾರ.

ಶುಕ್ರವಾರ ಸಂಜೆಯೆಲ್ಲ ನನ್ನ ಬೆರಳ ಮೇಲೆ ಪ್ರಯೋಗ. ಸೋಪು, ಸೀಗೆಪುಡಿ, ಕೊಬ್ಬರಿ ಎಣ್ಣೆ, ಸೀಮೆಎಣ್ಣೆ, ಟೂತ್‌ಪೇಸ್ಟ್. ಬೆರಳಿಂದ ಐದು ಥರದ ವಾಸನೆ ಬಂತು, ಬಣ್ಣ ಹೋಗಲಿಲ್ಲ. ಶನಿವಾರ ಬೆಳಿಗ್ಗೆ ಸುನೀತ ಚಿತ್ರಾನ್ನ ಕಲಸುತ್ತ, “ಸುಮ್ನೆ ಕೂತು ಕೊರಗೋ ಬದಲು ಈ ನಿಂಬೆಹಣ್ಣು ಹಿಂಡಿ” ಎಂದಳು. ಹಿಂಡಿದೆ. ಬೆರಳು ನೋಡಿಕೊಂಡೆ. ಬೆಳ್ಳಗೆ!

“ಸುನೀತಾ! ಹೋಯ್ತು! ಬಣ್ಣ ಹೋಯ್ತು!”

“ಎಲ್ಲಿಗೆ ಹೋಯ್ತು?” ಎಂದಳು.

ಇಬ್ಬರೂ ಚಿತ್ರಾನ್ನದ ಕಡೆ ನೋಡಿದೆವು. ಆ ದಿನ ತಿಂಡಿ ಹೋಟೆಲಿನ ಇಡ್ಲಿ.

ಸಂತೆಬೀದಿಯಲ್ಲಿ ಚೀಲ ತುಂಬ ನಿಂಬೆಹಣ್ಣು ಕೊಂಡು ಮೊದಲು ಓಡಿದ್ದು ಮಾರ್ಥಮ್ಮಜ್ಜಿಯ ಮನೆಗೆ. ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಚಪ್ಪಲಿ ಒಳಗಿತ್ತು. ಎದುರು ಮನೆಯ ನಸೀಮಕ್ಕ ಬಗ್ಗಿ ಅಜ್ಜಿಯ ಪಾದವನ್ನೇ ಪರೀಕ್ಷಿಸುತ್ತಿದ್ದರು.

“ಎಷ್ಟು ಚೆನ್ನಾಗಿ ಹತ್ತಿದೆ ಅಜ್ಜಿ! ಯಾವ ಮೆಹಂದಿ? ನಮ್ ಹುಡ್ಗಿ ಮದ್ವೆಗೆ ಹಚ್ಚಿದ್ದು ಎರಡೇ ದಿನಕ್ಕೆ ಹೋಯ್ತು.”

“ಮೆಹಂದಿ ಅಲ್ಲ ಕಣೇ. ಅಯ್ಯನವರು ತೊಳೆದಿದ್ದು. ಹನ್ನೆರಡು ಜನದಾಗೆ ನಾನೂ ಒಬ್ಳು.”

ನಾನು ನಡುವೆ ಹೋಗಿ ಮಂಡಿಯೂರಿ ನಿಂಬೆಹಣ್ಣು ಕತ್ತರಿಸಿದೆ. “ಅಜ್ಜಿ, ಕಾಲು ಕೊಡಿ. ಐದೇ ನಿಮಿಷ.”

“ಯಾಕೆ?”

“ಬಣ್ಣ ತೆಗೀತೀನಿ.”

“ತೆಗಿ ಅಂತ ಯಾರು ಹೇಳಿದ್ರು?” ಅಜ್ಜಿ ಕಾಲು ಮಡಚಿ ಸೀರೆಯೊಳಗೆ ಸೇರಿಸಿಕೊಂಡರು.

“ನಾಳೆ ಸಮಿತಿ ಇದೆ ಅಜ್ಜಿ. ಈ ಬಣ್ಣ ನೋಡಿದ್ರೆ ಯೇಸುದಾಸಪ್ಪನವರು ಹೆಂಗಸರು ಬೇಡ ಅಂತಾರೆ. ಕಾಲು ಚೊಕ್ಕಟ ಇದ್ರೆ ಅವರಿಗೆ ಮಾತೇ ಇರಲ್ಲ.”

“ಇಷ್ಟು ವರ್ಷ ನನ್ನ ಕಾಲು ಚೊಕ್ಕಟವಾಗೇ ಇತ್ತಲ್ಲೋ. ಯಾರು ನೋಡಿದ್ರು?”

ನಾನು ಚೀಲದೊಳಗೆ ನೋಡಿದೆ. ನಿಂಬೆಹಣ್ಣು ಮಾತ್ರ ಇತ್ತು.

“ಹೋದ್ರೆ ಹೋಗ್ಲಿ ಬಿಡು. ಮುಂದಿನ ವರ್ಷ ಕೂರ್ಸದಿದ್ರೆ ಬೇಡ. ಇದು ತಾನಾಗಿ ಹೋಗೋ ತನಕ ಇರ್ಲಿ” ಎಂದು, ನಾನು ಕತ್ತರಿಸಿದ ಎರಡು ಹೋಳನ್ನೂ ಕೈಯಿಂದ ತೆಗೆದುಕೊಂಡರು. “ಬಿಸಿಲಲ್ಲಿ ಬಂದಿದೀಯ. ತಾಳು, ಪಾನಕ ಮಾಡ್ತೀನಿ.”

ಪಾನಕ ಕುಡಿದು ಉಳಿದವರ ಬೆನ್ನು ಹತ್ತಿದೆ. ಅಯ್ಯನವರ ಕೈ ಉಜ್ಜಿದೆ. ಉಗುರು ಬಿಟ್ಟು ಉಳಿದದ್ದು ಶುದ್ಧವಾಯಿತು. ಆಮೇಲೆ ಕಡೂರಿನ ಮನೆಗಳು, ಮಧ್ಯಾಹ್ನ ತರೀಕೆರೆ, ಸಂಜೆ ಬಸ್ಸಿನಲ್ಲಿ ಅಜ್ಜಂಪುರ. ಒಬ್ಬೊಬ್ಬರ ಮುಂದೆ ಮಂಡಿಯೂರುವುದು, ಪಾದ ತೊಡೆಯ ಮೇಲಿಟ್ಟುಕೊಂಡು ನಿಂಬೆ ಉಜ್ಜುವುದು, ತೊಳೆದು ಒರೆಸುವುದು. ಅಜ್ಜಂಪುರದಲ್ಲಿ ಒಬ್ಬರಿಗೆ ಹಿಮ್ಮಡಿ ಒಡೆದಿತ್ತು. ನಿಂಬೆರಸ ತಾಗುತ್ತಲೇ ನನ್ನ ಎದೆಗೆ ಒದ್ದರು. ಫೋನಿನಲ್ಲಿ ಸುನೀತ ಕೇಳಿದಳು, “ರೀ, ಆರಾಧನೆ ಗುರುವಾರವೇ ಮುಗೀಲಿಲ್ವಾ?”

ಆದರೆ ಎಡವಟ್ಟಿನಲ್ಲಿ ದೊಡ್ಡದು ಯೇಸುದಾಸಪ್ಪನವರ ಮನೆಯಲ್ಲಿ ನಡೆದಿತ್ತು. ಅವರ ಕಾಲಿನಲ್ಲಿ ತೆಗೆಯುವಂಥ ಬಣ್ಣವೇ ಇರಲಿಲ್ಲ. ಆದರೂ ಕಾಲು ಚಾಚಲು ಹೇಳಿ ಉಜ್ಜುತ್ತಿದ್ದೆ. ಅವರ ಮನೆಯವರು ಗ್ರೇಸಮ್ಮನವರು ಬಂದು ನಿಂತರು.

“ಇವರ ಕಾಲು ನೋಡಪ್ಪಾ. ಏನೂ ಹತ್ತೇ ಇಲ್ಲ. ಮಾರ್ಥಮ್ಮಂದು ಎಷ್ಟು ಗಾಢವಾಗಿ ಹತ್ತಿದೆ! ನಿನ್ನೆ ತರೀಕೆರೇಲಿ ಹೆಂಗಸರೆಲ್ಲ ಅದನ್ನೇ ಮಾತಾಡ್ತಿದ್ರು.”

ನಾನಾದರೂ ಸುಮ್ಮನಿರಬಹುದಿತ್ತು. ಸರಿಯಾದ ಮಾಹಿತಿ ಕೊಡುವ ಚಟ. “ಅದು ಹಾಗಲ್ಲ ಆಂಟಿ. ಮೊದಲ ಕುರ್ಚಿಗೆ ಒಂದು ಪೊಟ್ಟಣ, ಕೊನೇದಕ್ಕೆ ಹನ್ನೆರಡು ಪೊಟ್ಟಣದ ಫಲ. ಜೊತೆಗೆ ಅಯ್ಯನವರು ಅಜ್ಜಿಗೆ ಎರಡರಷ್ಟು ಹೊತ್ತು ತೊಳೆದರು.”

“ಎರಡರಷ್ಟಾ?” ಗ್ರೇಸಮ್ಮನವರು ಗಂಡನ ಕಡೆ ತಿರುಗಿದರು. “ನಲವತ್ತು ವರ್ಷ ನಿಮ್ಮ ಕಾಲಿಗೆ ಬಿಸಿನೀರು ಕೊಟ್ಟಿದೀನಿ. ನನಗೂ ಒಂದು ಕುರ್ಚಿ ಅಂತ ನಿಮ್ಮ ಬಾಯಲ್ಲಿ ಯಾವತ್ತಾದ್ರೂ ಬಂತಾ?”

ಯೇಸುದಾಸಪ್ಪನವರು ನನ್ನನ್ನು ನೋಡಿದ ರೀತಿಯನ್ನು ದಿನಚರಿಯಲ್ಲಿ ಬರೆಯಲಿಲ್ಲ.

ಈಸ್ಟರ್ ಬೆಳಗಿನ ಆರಾಧನೆಗೆ ಅಜ್ಜಂಪುರದ ಚರ್ಚ್ ತುಂಬಿತ್ತು. ಹನ್ನೊಂದು ಜೊತೆ ಕಾಲು ನಿಂಬೆಯ ಪ್ರಭಾವದಿಂದ ಥಳಥಳ ಎನ್ನುತ್ತಿದ್ದವು. ಅವು ಯಾರವೆಂದು ಯಾರೂ ಗುರುತಿಸಲಿಲ್ಲ. ಇಡೀ ಚರ್ಚಿನಲ್ಲಿ ಗುರುತು ಉಳಿದದ್ದು ಒಬ್ಬರದೇ. ಅಜ್ಜಿ ಮಧ್ಯದ ಹಾದಿಯಲ್ಲಿ, ಸೀರೆಯನ್ನು ತುಸು ಮೇಲೆತ್ತಿಕೊಂಡು, ಅವಸರವಿಲ್ಲದೆ ನಡೆದು ಹೋದರು.

ಆಮೇಲೆ ಅಂಗಳದ ಬೇವಿನ ಮರದ ಕೆಳಗೆ ಸಮಿತಿ ಕೂತಿತು. ಯೇಸುದಾಸಪ್ಪನವರು ಗಂಟಲು ಸರಿಪಡಿಸಿಕೊಂಡರು. ಆಗ ಹೆಂಗಸರ ಗುಂಪೊಂದು ಬಂದು ಮರದ ಸುತ್ತ ನಿಂತಿತು. ಮುಂದೆ ಗ್ರೇಸಮ್ಮನವರು.

“ಮುಂದಿನ ವರ್ಷಕ್ಕೆ ನಮ್ಮ ಹೆಸರು ಬರ್ಕೊಳ್ಳಿ ಅಯ್ಯನವರೇ. ಮೊದಲು ನಂದು.”

ಯೇಸುದಾಸಪ್ಪನವರು ಬಾಯಿ ತೆರೆದರು. ಹೆಂಡತಿಯ ಮುಖ ನೋಡಿದರು. “ಆರು ಗಂಡಸರು, ಆರು ಹೆಂಗಸರು” ಎಂದರು. “ನಾನೇ ಸೂಚಿಸ್ತೀನಿ.”

ಮಾರ್ಥಮ್ಮಜ್ಜಿ ಹಿಂದೆ ನಿಂತು ಕಾಫಿ ಲೋಟಗಳನ್ನು ಜೋಡಿಸುತ್ತಿದ್ದರು. ಅಯ್ಯನವರು ಎದ್ದು ಹೋಗಿ ತಟ್ಟೆಯನ್ನು ಅವರ ಕೈಯಿಂದ ತೆಗೆದುಕೊಂಡು ತಾವೇ ಕಾಫಿ ಹಂಚಿದರು. ಅಜ್ಜಿ ಏನು ಮಾಡಬೇಕೆಂದು ತೋಚದೆ ಬೆಂಚಿನ ತುದಿಯಲ್ಲಿ ಕೂತರು.

ನಾನು ಸಂತೋಷದಿಂದ ನಿರ್ಣಯ ಬರೆದುಕೊಳ್ಳುತ್ತಿದ್ದೆ. ಆಗ ಗ್ರೇಸಮ್ಮನವರು ಬಗ್ಗಿ ಕೇಳಿದರು, “ಆ ಪೊಟ್ಟಣ ನಮಗೂ ಹಾಕ್ತೀಯಾ ಅಲ್ವಾ? ನನಗೆ ಮಾರ್ಥಮ್ಮನಷ್ಟೇ ಗಾಢ ಬರಬೇಕು.”

ಯೇಸುದಾಸಪ್ಪನವರಿಗೆ ಕೊನೆಗೂ ಒಂದು ಅವಕಾಶ ಸಿಕ್ಕಿತು. ಎರಡನೆಯ ನಿರ್ಣಯವನ್ನು ಅವರೇ ಹೇಳಿ ಬರೆಸಿದರು. ಗಂಡಸರು, ಹೆಂಗಸರು, ಅಯ್ಯನವರು, ನನ್ನ ಹೆಂಡತಿ ಎಲ್ಲರೂ ಕೈ ಎತ್ತಿ ಒಪ್ಪಿದರು. ಮೂರೂ ಊರಿನ ಸಭೆ ಒಮ್ಮತಕ್ಕೆ ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. ‘ಕಾರ್ಯದರ್ಶಿಯವರು ಇನ್ನು ಮುಂದೆ ಸಭೆಯ ಯಾವುದೇ ನೀರಿಗೆ ಏನನ್ನೂ ಹಾಕತಕ್ಕದ್ದಲ್ಲ.’ ನನ್ನ ಕೈಬರಹದಲ್ಲೇ ಇದೆ. ಅಕ್ಷರ ದುಂಡಾಗಿದೆ ಎಂದು ಸುನೀತ ಮೆಚ್ಚಿದಳು.

ಅಯ್ಯನವರ ಉಗುರಿನ ಕಂದು ಮಾತ್ರ ನಿಂಬೆಹಣ್ಣಿಗೂ ಜಗ್ಗಲಿಲ್ಲ. ಆ ಉಗುರಿನಲ್ಲೇ ಎರಡು ಮದುವೆ, ಒಂದು ದೀಕ್ಷಾಸ್ನಾನ ಆಗಿವೆ. ಇದನ್ನು ತೆಗೆಯುವ ಬೇರೆ ಉಪಾಯ ಬಲ್ಲ ಓದುಗರು ದಯವಿಟ್ಟು ಬರೆದು ತಿಳಿಸಿ. ಪತ್ರ ನನ್ನ ಹೆಂಡತಿಯ ಹೆಸರಿಗಿರಲಿ. ನನ್ನ ಹೆಸರಿಗೆ ಬಂದರೆ ಅಯ್ಯನವರು ಉಜ್ಜಲು ಕೈ ಕೊಡುವುದಿಲ್ಲವಂತೆ.